ಪಾಸ್ಕ ಹಬ್ಬದ ಲಿಲ್ಲಿ ಗಿಡವನ್ನು ಎಸೆಯಬೇಡಿ



ಪಾಸ್ಕ ಹಬ್ಬಕ್ಕೆ ಬಲಿಪೀಠದ ಮುಂದೆ ಇಡುವ ಬಿಳಿ ಲಿಲ್ಲಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ತುತ್ತೂರಿಯ ಆಕಾರದ ಹೂ, ಒಳ್ಳೆಯ ಪರಿಮಳ. ಹಬ್ಬ ಮುಗಿದು ಕೆಲವು ದಿನಗಳಲ್ಲಿ ಹೂ ಬಾಡುತ್ತದೆ, ಕುಂಡ ಗೊಬ್ಬರದ ಗುಂಡಿ ಸೇರುತ್ತದೆ. ನಾವೂ ಹಾಗೆಯೇ ಮಾಡುತ್ತಿದ್ದೆವು. ಒಮ್ಮೆ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು, "ಸಿಸ್ಟರ್, ಗೆಡ್ಡೆಯಲ್ಲಿ ಜೀವ ಉಂಟಲ್ಲ, ಯಾಕೆ ಬಿಸಾಡಿದ್ದು?" ಎಂದು ಕೇಳಿದರು. ಕೆದಕಿ ನೋಡಿದರೆ ಗೆಡ್ಡೆ ಗಟ್ಟಿಯಾಗಿಯೇ ಇತ್ತು. ಆ ಮೇಲೆ ನಾವು ಕಲಿತದ್ದನ್ನು, ನಮ್ಮ ತಪ್ಪುಗಳ ಸಮೇತ, ಇಲ್ಲಿ ಬರೆದಿದ್ದೇವೆ.

1. ಇದು ಎಲ್ಲಿಯ ಗಿಡ?

ಇದರ ಹೆಸರು ಲಿಲಿಯಂ ಲಾಂಗಿಫ್ಲೋರಂ. ತವರು ಜಪಾನಿನ ರ್ಯುಕ್ಯು ದ್ವೀಪಗಳು ಮತ್ತು ತೈವಾನ್. 1919ರಲ್ಲಿ ಲೂಯಿಸ್ ಹೌಟನ್ ಎಂಬವರು ಒಂದು ಪೆಟ್ಟಿಗೆ ತುಂಬ ಗೆಡ್ಡೆಗಳನ್ನು ಅಮೆರಿಕದ ಆರೆಗಾನ್ ಕರಾವಳಿಗೆ ತಂದು ನೆರೆಹೊರೆಯವರಿಗೆ ಹಂಚಿದರು. 1941ರಲ್ಲಿ ಯುದ್ಧದಿಂದಾಗಿ ಜಪಾನಿನ ಗೆಡ್ಡೆ ಬರುವುದು ನಿಂತಾಗ, ಹೀಗೆ ಹಿತ್ತಿಲಲ್ಲಿ ಬೆಳೆಸಿದವರಿಗೆ ಅದೇ ಆದಾಯವಾಯಿತು.

ಈ ಲಿಲ್ಲಿಯ ಕಾಂಡದ ಉದ್ದಕ್ಕೂ ಎಲೆಗಳಿರುತ್ತವೆ. ಗೆಡ್ಡೆ ಬೆಳ್ಳುಳ್ಳಿಯ ಎಸಳುಗಳ ಹಾಗೆ ಬಿಡಿ ಬಿಡಿ ಪದರಗಳಾಗಿರುತ್ತದೆ. ಈರುಳ್ಳಿಯಂತಹ ಗೆಡ್ಡೆ, ನೆಲದಿಂದಲೇ ಬರುವ ಪಟ್ಟಿಯಂತಹ ಎಲೆ ಇದ್ದರೆ ಅದು ಬೇರೆ ಗಿಡ.

2. ಹೂ ಇರುವಾಗ

ಕುಂಡಕ್ಕೆ ಸುತ್ತಿದ ಬಣ್ಣದ ಕಾಗದವನ್ನು ಮೊದಲು ತೆಗೆಯಿರಿ. ಅದರೊಳಗೆ ನೀರು ನಿಂತು ಬೇರು ಕೊಳೆಯುತ್ತದೆ. ಬೆಳಕು ಚೆನ್ನಾಗಿರಲಿ, ಮಧ್ಯಾಹ್ನದ ಬಿಸಿಲು ಬೇಡ. ಮೇಲಿನ ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ. ಹೂ ಅರಳಿದ ಕೂಡಲೇ ಒಳಗಿನ ಹಳದಿ ಪರಾಗದ ತುದಿಗಳನ್ನು ಕಿತ್ತರೆ ಹೂ ಹೆಚ್ಚು ದಿನ ಬರುತ್ತದೆ, ಬಲಿಪೀಠದ ಬಟ್ಟೆಗೂ ಕಲೆ ಆಗೋದಿಲ್ಲ.

3. ಹೂ ಬಾಡಿದ ಮೇಲೆ

ಬಾಡಿದ ಹೂವನ್ನಷ್ಟೇ ಕತ್ತರಿಸಿ. ಎಲೆ, ಕಾಂಡ ಹಾಗೇ ಇರಲಿ. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಎಲೆಗಳೇ ಗೆಡ್ಡೆಗೆ ಕಳಿಸುತ್ತವೆ. ಸ್ವಲ್ಪ ಎರೆಗೊಬ್ಬರ ಕೊಡಿ. ಎಲೆ ತಾನಾಗಿ ಹಳದಿಯಾಗಿ ಒಣಗಿದ ಮೇಲೆ ಕಾಂಡ ಕತ್ತರಿಸಬಹುದು.

ನೆಡುವಾಗ ಗೆಡ್ಡೆ ಸುಮಾರು 15 ಸೆಂ.ಮೀ. ಆಳದಲ್ಲಿರಲಿ. ಗೆಡ್ಡೆಯ ಮೇಲಿನ ಕಾಂಡದಿಂದಲೂ ಬೇರು ಬರುವುದರಿಂದ ಈ ಆಳ ಬೇಕು. ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರ ಕೊಡಿ. ಮಣ್ಣಿಗೆ ಮರಳು, ಕಾಂಪೋಸ್ಟ್ ಸೇರಿಸಿ.

ನಮ್ಮ ಮೊದಲ ತಪ್ಪು ಇಲ್ಲೇ ಆಯಿತು. ಮೇ ತಿಂಗಳಲ್ಲಿ ಅಂಗಳದಲ್ಲಿ ನೆಟ್ಟೆವು, ಜೂನ್ ಮಳೆಗೆ ಎಲ್ಲವೂ ಕೊಳೆತು ಹೋದವು. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕುಂಡವನ್ನು ಮಾಡಿನ ಕೆಳಗೆ ಇಡಬೇಕು. ಹಾಗೆಂದು ಗೆಡ್ಡೆಯನ್ನು ಕಿತ್ತು ಈರುಳ್ಳಿಯಂತೆ ಒಣಗಿಸಬಾರದು. ಅದಕ್ಕೆ ಹೊರಸಿಪ್ಪೆ ಇಲ್ಲ, ಬೇಗ ಸೊರಗುತ್ತದೆ.

4. ಮತ್ತೆ ಹೂ ಬಿಡಲು ಚಳಿ ಬೇಕು

ಹಬ್ಬದ ದಿನಕ್ಕೆ ಸರಿಯಾಗಿ ಹೂ ತರಲು ಬೆಳೆಗಾರರು ಗೆಡ್ಡೆಯನ್ನು ಸುಮಾರು ಆರು ವಾರ 4ರಿಂದ 7 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿಡುತ್ತಾರೆ. ನಮ್ಮ ಊರಲ್ಲಿ ಅಷ್ಟು ಚಳಿ ಇಲ್ಲ. ಆದ್ದರಿಂದ ಫ್ರಿಜ್ ಬಳಸಬಹುದು. ಗೆಡ್ಡೆಯನ್ನು ಸ್ವಲ್ಪ ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ ಹಾಕಿ, ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ತರಕಾರಿ ಇಡುವ ಜಾಗದಲ್ಲಿಡಿ. ಮೇಲಿನ ಐಸ್ ಪೆಟ್ಟಿಗೆಯಲ್ಲಿ ಬೇಡ.

ನಮ್ಮ ಎರಡನೇ ತಪ್ಪು: ಅದೇ ಫ್ರಿಜ್ಜಿನಲ್ಲಿ ಸೇಬು ಇಟ್ಟದ್ದು. ಹಣ್ಣು ಮಾಗುವಾಗ ಬರುವ ಅನಿಲ ಮೊಗ್ಗನ್ನು ಕೆಡಿಸುತ್ತದೆ.

ನೆಟ್ಟ ಮೇಲೆ ಹೂವಿಗೆ ಸುಮಾರು ನಾಲ್ಕು ತಿಂಗಳು ಬೇಕು. ಹಬ್ಬ ಏಪ್ರಿಲ್ ಮೊದಲ ವಾರ ಬಂದರೆ, ಅಕ್ಟೋಬರ್ ಕೊನೆಗೆ ಫ್ರಿಜ್, ಡಿಸೆಂಬರ್ ಮೊದಲಿಗೆ ಕುಂಡ. ದಿನ ಹಿಂದೆ ಮುಂದೆ ಆಗಬಹುದು. ಮೊದಲ ವರ್ಷ ಹೂ ಬರದಿದ್ದರೂ ಬೇಸರ ಬೇಡ, ಗೆಡ್ಡೆ ದಣಿದಿರುತ್ತದೆ. ಮೂರನೇ ಸಲ ನಮಗೆ ಬಂದದ್ದು ಎರಡೇ ಹೂ. ಗಿಡ ಉಳಿಸಲು ಹೇಳಿದ ಆ ಸಹೋದರಿಯೇ ಅದನ್ನು ಬಲಿಪೀಠಕ್ಕೆ ಒಯ್ದರು.

5. ಒಂದರಿಂದ ಹತ್ತು

ಗೆಡ್ಡೆಯ ಹೊರಗಿನ ಕೆಲವು ಎಸಳುಗಳನ್ನು ಬಿಡಿಸಿ ತೇವದ ಮರಳಿನಲ್ಲಿ ನೆಟ್ಟರೆ ಕೆಲವು ವಾರಗಳಲ್ಲಿ ಬುಡದಲ್ಲಿ ಮರಿಗೆಡ್ಡೆ ಮೂಡುತ್ತದೆ. ಅದು ಹೂ ಬಿಡಲು ಎರಡು ಮೂರು ವರ್ಷ ಬೇಕು. ಸಾಲ ಮಾಡಿ ಇದನ್ನು ವ್ಯಾಪಾರಕ್ಕೆ ಬೆಳೆಸಲು ನಾವು ಹೇಳೋದಿಲ್ಲ. ಬಿಸಿಲ ನಾಡಿನಲ್ಲಿ ಆದಾಯಕ್ಕೆ ಸುಗಂಧರಾಜವೇ ವಾಸಿ, ಅದಕ್ಕೆ ಫ್ರಿಜ್ ಬೇಡ.

6. ಬೆಕ್ಕು ಇದ್ದರೆ ಎಚ್ಚರ

ಈ ಲಿಲ್ಲಿಯ ಎಲೆ, ಹೂ, ಪರಾಗ, ಹೂದಾನಿಯ ನೀರು ಎಲ್ಲವೂ ಬೆಕ್ಕಿಗೆ ವಿಷ. ಸ್ವಲ್ಪ ತಿಂದರೂ ಮೂತ್ರಪಿಂಡ ಕೆಟ್ಟು ಸಾಯಬಹುದು. ತಿಂದಿದೆ ಎಂದು ಸಂಶಯ ಬಂದರೆ ಕಾಯದೆ ಪಶುವೈದ್ಯರ ಬಳಿ ಒಯ್ಯಿರಿ. ಬೆಕ್ಕು ಸಾಕಿದ ಮನೆಗೆ ಈ ಗಿಡ ಕೊಡಬೇಡಿ.

ಸಂಘದ ಸಭೆಯಲ್ಲಿ ಚರ್ಚಿಸಿ:

ಅ) ಕಳೆದ ಹಬ್ಬದಲ್ಲಿ ನಮ್ಮ ಧರ್ಮಕೇಂದ್ರದ ಹೂವಿನ ಖರ್ಚು ಎಷ್ಟು? ಅದರಲ್ಲಿ ನಾವೇ ಬೆಳೆಯಬಹುದಾದದ್ದು ಯಾವುದು?

ಆ) ಹಬ್ಬದ ನಂತರ ಕುಂಡಗಳನ್ನು ಯಾರು ಯಾರು ಮನೆಗೆ ಒಯ್ದು ನೋಡಿಕೊಳ್ಳುತ್ತೀರಿ? ಹೆಸರು ಇಂದೇ ಬರೆದಿಡಿ.

ಇ) ಮುಗಿಯಿತು ಎಂದು ನಾವು ಬೇಗ ಕೈಬಿಟ್ಟದ್ದು ಗಿಡ ಮಾತ್ರವೇ?