ಹಿರಿಯರ ಮರೆವು: ಗುಳಿಗೆ ಕೊಳ್ಳುವ ಮೊದಲು

(ನೀವು ಓದಿರಿ. ಮನೆಯವರಿಗೂ ಓದಿ ಹೇಳಿರಿ.)

ವಯಸ್ಸಾದ ಮೇಲೆ ಕಣ್ಣು ಮಂಜಾಗುತ್ತದೆ. ಮಂಡಿ ನೋಯುತ್ತದೆ. ನೆನಪೂ ಸ್ವಲ್ಪ ನಿಧಾನ ಆಗುತ್ತದೆ. ಚಾವಿ ಎಲ್ಲಿಟ್ಟೆ ಅಂತ ಮರೆತು ಆಮೇಲೆ ನೆನಪಾದರೆ ಹೆದರಬೇಕಿಲ್ಲ. ಆದರೆ ದಿನಾ ಓಡಾಡುವ ಓಣಿಯಲ್ಲೇ ದಾರಿ ತಪ್ಪಿದರೆ? ಉಂಡದ್ದು ಮರೆತು ಮತ್ತೆ ಊಟ ಕೇಳಿದರೆ? ರೊಕ್ಕ ಎಣಿಸಲು ಬಾರದಿದ್ದರೆ? ಆಗ "ಮುಪ್ಪು, ಇರೋದೇ ಬಿಡು" ಅಂತ ಸುಮ್ಮನಿರಬಾರದು.

ದಿನದ ಕೆಲಸಕ್ಕೇ ಅಡ್ಡಿ ಬರುವ ಇಂಥ ಮರೆವಿನ ಕಾಯಿಲೆಗೆ ಡಿಮೆನ್ಶಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ 60 ವರ್ಷ ದಾಟಿದ 100 ಜನರಲ್ಲಿ ಸುಮಾರು 7 ಜನರಿಗೆ ಇದು ಇದೆ. ಅಂದರೆ ಸುಮಾರು 88 ಲಕ್ಷ ಜನ.

ಸೊಸೆ ಮತ್ತು ಆರೋಗ್ಯ ಸೇವಕಿ

ಕಬನೂರದ ಒಂದು ಮನೆ ಅಂತ ತಿಳಿಯಿರಿ. ಸೊಸೆ ಕೇಳುತ್ತಾಳೆ, ಆರೋಗ್ಯ ಸೇವಕಿ ಹೇಳುತ್ತಾಳೆ.

ಸೊಸೆ: ಬಾಯಿ, ನಮ್ಮ ಅತ್ತಿ ಎಲ್ಲಾ ಮರೀತಾರ. ನೆನಪಿನ ಶಕ್ತಿಗೆ ಒಂದು ಡಬ್ಬಿ ಐತಂತ. ಸತು, ಮೆಗ್ನೀಶಿಯಂ ಎಲ್ಲಾ ಅದಾವಂತ. ತರಲೇನ್ರಿ?

ಸೇವಕಿ: ತಡೀರಿ. ಅವರ ಮೈಯಾಗ ಏನು ಕಡಿಮಿ ಆಗೇತಿ, ಗೊತ್ತೈತೇನು?

ಸೊಸೆ: ಇಲ್ರಿ.

ಸೇವಕಿ: ಗೊತ್ತಿಲ್ಲದ ಹಂಗ ಯಾಕ ಕೊಡ್ತೀರಿ? ಮೊದಲು ರಗತ ತಪಾಸಣಿ ಮಾಡಸ್ರಿ.

ಸೇವಕಿ ಹೇಳಿದ್ದು ಸರಿ. ಯಾಕೆ ಎಂದು ನೋಡೋಣ.

ಕೊರತೆಯಿಂದ ಬರುವ ಮರೆವು

ಎಲ್ಲ ಮರೆವೂ ಡಿಮೆನ್ಶಿಯಾ ಅಲ್ಲ. ಮೈಯಲ್ಲಿ ಕೆಲವು ಖನಿಜ, ವಿಟಮಿನ್ ಕಡಿಮೆಯಾದರೂ ಮಂಕು ಕವಿಯುತ್ತದೆ. ಬೇಗ ಗೊತ್ತಾದರೆ ಇದನ್ನು ಬಹಳ ಸಲ ಸರಿ ಮಾಡಬಹುದು. ಮುಖ್ಯವಾಗಿ ನಾಲ್ಕು ನೋಡಬೇಕು.

1. ಬಿ12 ವಿಟಮಿನ್. ಇದರೊಳಗೆ ಕೋಬಾಲ್ಟ್ ಎಂಬ ಖನಿಜ ಇದೆ. ಇದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ ಸಿಗುತ್ತದೆ. ಕಾಳು, ಕಾಯಿಪಲ್ಯೆಯಿಂದ ಸಿಗುವುದಿಲ್ಲ. ವಯಸ್ಸಾದವರ ಹೊಟ್ಟೆ ಇದನ್ನು ಸರಿಯಾಗಿ ಹೀರುವುದಿಲ್ಲ. ಸಕ್ಕರೆ ಕಾಯಿಲೆಗೆ ಬಹಳ ವರ್ಷ ಮೆಟ್‌ಫಾರ್ಮಿನ್ ಗುಳಿಗೆ ನುಂಗುವವರಿಗೂ ಬಿ12 ಕಡಿಮೆ ಆಗಬಹುದು. ಮರೆವು, ಕಾಲು ಜುಮುಜುಮು, ನಡೆಯುವಾಗ ತೂರಾಟ ಇದರ ಗುರುತು. ಗುಳಿಗೆ ಅಥವಾ ಸೂಜಿಮದ್ದು ಕೊಡುತ್ತಾರೆ. ತಡ ಮಾಡಿದರೆ ನರಕ್ಕೆ ಆದ ಹಾನಿ ಹಾಗೇ ಉಳಿಯಬಹುದು.

2. ಅಯೋಡಿನ್. ಇದು ಕಡಿಮೆಯಾದರೆ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಯೋಡಿನ್ ಉಪ್ಪು ತಿಂದರೂ ಬೇರೆ ಕಾರಣದಿಂದ ಥೈರಾಯ್ಡ್ ಕುಗ್ಗಬಹುದು. ಆಗ ಮನುಷ್ಯ ಮಂಕಾಗುತ್ತಾನೆ. ಮಾತು ನಿಧಾನ, ಚಳಿ ಜಾಸ್ತಿ. ಇದಕ್ಕೆ ರಕ್ತ ಪರೀಕ್ಷೆ ಇದೆ, ದಿನದ ಗುಳಿಗೆ ಇದೆ. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದು ಎಂದು 2006ರಲ್ಲಿ ದೇಶದ ತುಂಬ ಕಾನೂನು ಜಾರಿಗೆ ಬಂದಿತು. ಉಪ್ಪಿನ ಪಾಕೀಟಿನ ಮೇಲೆ "ಅಯೋಡಿನ್" ಎಂದು ಇದೆಯೇ? ಓದಿ ನೋಡಿ ಕೊಳ್ಳಿರಿ.

3. ಸೋಡಿಯಂ. ಇದು ಉಪ್ಪಿನಲ್ಲಿರುವ ಖನಿಜ. ವಾಂತಿ, ಭೇದಿ ಆದಾಗ ಇಳಿಯುತ್ತದೆ. ಬಿಪಿಗೆ ಕೊಡುವ ಕೆಲವು ಮೂತ್ರದ ಗುಳಿಗೆಯಿಂದಲೂ ಇಳಿಯಬಹುದು. ನಿನ್ನೆ ಚೆನ್ನಾಗಿದ್ದ ಹಿರಿಯರು ಇವತ್ತು ತಪ್ಪು ತಪ್ಪು ಮಾತಾಡಿದರೆ, ಬರೀ ಮಲಗಿಯೇ ಇದ್ದರೆ, ಅದು ಮುಪ್ಪಿನ ಮರೆವಲ್ಲ. ಅದೇ ದಿನ ದವಾಖಾನೆಗೆ ಒಯ್ಯಿರಿ. 108ಕ್ಕೆ ಫೋನ್ ಮಾಡಿರಿ. ಮನೆಯಲ್ಲೇ ಉಪ್ಪುನೀರು ಕುಡಿಸಬೇಡಿರಿ. ಬಿಪಿ ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿರಿ.

4. ಕಬ್ಬಿಣ. ಕಡಿಮೆಯಾದರೆ ರಕ್ತ ಸಾಲುವುದಿಲ್ಲ. ದಣಿವು ಬರುತ್ತದೆ, ಯಾವುದರಲ್ಲೂ ಲಕ್ಷ್ಯ ನಿಲ್ಲುವುದಿಲ್ಲ. ಸೊಪ್ಪು, ಕಾಳು ತಿನ್ನಿಸಿರಿ. ಮೇಲೆ ನಿಂಬೆಹಣ್ಣು ಹಿಂಡಿರಿ. ಊಟ ಆದ ಕೂಡಲೇ ಚಹಾ ಬೇಡ. ಹಿರಿಯರಿಗೆ ರಕ್ತ ಕಡಿಮೆಯಾದರೆ ಒಳಗೆ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದೂ ಡಾಕ್ಟರರು ನೋಡಬೇಕು.

ಹೆಚ್ಚಾದರೂ ಕಷ್ಟ

ಖನಿಜ ಅಂದರೆ ಎಷ್ಟು ತಿಂದರೂ ಒಳ್ಳೆಯದು ಅಂತ ಅಲ್ಲ. ಸತುವನ್ನು ಬಹಳ ದಿನ ಹೆಚ್ಚು ತಗೊಂಡರೆ ಮೈಯಲ್ಲಿ ತಾಮ್ರ ಇಳಿಯುತ್ತದೆ, ನರ ಸೋಲುತ್ತವೆ. ಕ್ಯಾಲ್ಸಿಯಂ ಅತಿಯಾದರೆ ಮಲಬದ್ಧತೆ, ಬಾಯಾರಿಕೆ, ಕೊನೆಗೆ ಬುದ್ಧಿಭ್ರಮೆ. ಮೂತ್ರಪಿಂಡ ಸೋತವರಿಗೆ ಮೆಗ್ನೀಶಿಯಂ ಮೈಯಲ್ಲೇ ಉಳಿದು ತೊಂದರೆ ಕೊಡುತ್ತದೆ. ಥೈರಾಯ್ಡ್ ಗುಳಿಗೆಯ ಜೊತೆಗೇ ಕಬ್ಬಿಣ ಅಥವಾ ಕ್ಯಾಲ್ಸಿಯಂ ನುಂಗಿದರೆ ಥೈರಾಯ್ಡ್ ಗುಳಿಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ 4 ತಾಸು ಬಿಡಬೇಕು.

ಹಾಗಾದರೆ ಏನೂ ಕೊರತೆ ಇಲ್ಲದವರಿಗೆ ಡಬ್ಬಿ ಪುಡಿಯಿಂದ ಲಾಭ ಇದೆಯೇ? ಡಿಮೆನ್ಶಿಯಾ ತಡೆಯಲಿಕ್ಕೆ ವಿಟಮಿನ್, ಖನಿಜಗಳ ಮಿಶ್ರಣ ಕೊಡಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆಮೇಲೆ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ ದಿನಕ್ಕೊಂದು ಗುಳಿಗೆಯಿಂದ ಹಿರಿಯರ ನೆನಪಿಗೆ ಅಲ್ಪ ಸಹಾಯ ಕಂಡಿತು. ಆದರೆ ಅದು ಡಿಮೆನ್ಶಿಯಾ ತಡೆಯಿತು ಎಂದು ಆ ಪರೀಕ್ಷೆ ತೋರಿಸಿಲ್ಲ. ಡಬ್ಬಿಗೆ ಹಾಕುವ ರೊಕ್ಕವನ್ನು ಹಾಲು, ಕಾಳು, ಹಣ್ಣಿಗೆ ಹಾಕಿರಿ.

ಮಗ್ಗದ ಸದ್ದು ಮತ್ತು ಮರೆವು

ಇಚಲಕರಂಜಿಗೆ ಯಂತ್ರಮಗ್ಗ ಬಂದದ್ದು 1904ರಲ್ಲಿ. ಇಂದು ಸುತ್ತಲಿನ ಊರುಗಳಲ್ಲೂ ಮಗ್ಗದ ಖಟಖಟ ಕೇಳುತ್ತದೆ. ವರ್ಷಗಟ್ಟಲೆ ಆ ಸದ್ದಿನಲ್ಲಿ ದುಡಿದರೆ ಕಿವಿ ಮಂದ ಆಗುತ್ತದೆ. ಕಿವಿಗೂ ಮರೆವಿಗೂ ಏನು ಸಂಬಂಧ? ಸಂಬಂಧ ಇದೆ. ಕಿವಿ ಕೇಳದವರು ಮಾತು ಬಿಡುತ್ತಾರೆ. ಜನರ ನಡುವೆ ಇದ್ದೂ ಒಂಟಿ ಆಗುತ್ತಾರೆ. ಮಿದುಳಿಗೆ ಕೆಲಸ ಕಡಿಮೆಯಾಗುತ್ತದೆ.

2024ರಲ್ಲಿ ಹಲವು ದೇಶದ ತಜ್ಞರು ಸೇರಿ ಡಿಮೆನ್ಶಿಯಾ ಅಪಾಯ ಹೆಚ್ಚಿಸುವ 14 ಕಾರಣ ಪಟ್ಟಿ ಮಾಡಿದರು. ಅದರಲ್ಲಿ ಕಿವುಡು, ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಅತಿ ಕುಡಿತ, ಒಂಟಿತನ, ಮಂದ ದೃಷ್ಟಿ ಸೇರಿವೆ. ಶಿಕ್ಷಣ ಕಡಿಮೆ ಇರುವುದೂ ಒಂದು ಕಾರಣ. ಈ 14ನ್ನೂ ಸರಿಪಡಿಸಿದರೆ ಡಿಮೆನ್ಶಿಯಾದಲ್ಲಿ ಸುಮಾರು 45 ಪಾಲನ್ನು, ಅಂದರೆ ನೂರಕ್ಕೆ 45ರಷ್ಟನ್ನು, ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅವರ ಲೆಕ್ಕ. ಮಗ್ಗಕ್ಕೆ ಹೋಗುವಾಗ ಕಿವಿಗೆ ರಕ್ಷಣೆ ಹಾಕಿರಿ. ನಿಮ್ಮ ಓದು ಬಿಡಬೇಡಿರಿ. ಅಕ್ಷರ ಕೂಡಿಸುವುದು ಮಿದುಳಿಗೂ ಒಳ್ಳೆಯ ಕೆಲಸ.

ಎಲ್ಲಿ ಕೇಳಬೇಕು?

ಮೊದಲು ಹತ್ತಿರದ ಸರಕಾರಿ ದವಾಖಾನೆ. ಇಚಲಕರಂಜಿಯಲ್ಲಿ ಇಂದಿರಾ ಗಾಂಧಿ ಆಸ್ಪತ್ರೆ, ಗಡಹಿಂಗ್ಲಜದಲ್ಲಿ ಉಪಜಿಲ್ಲಾ ಆಸ್ಪತ್ರೆ, ಕೊಲ್ಹಾಪುರದಲ್ಲಿ ಸಿಪಿಆರ್ ಇವೆ. ಮನಸ್ಸಿನ ಚಿಂತೆಗೆ 14416, ಹಿರಿಯರ ಸಹಾಯಕ್ಕೆ 14567 ನಂಬರಿಗೆ ಫೋನ್ ಮಾಡಿರಿ. ಇದಕ್ಕೆ ರೊಕ್ಕ ಬೇಡ.

ಪರೀಕ್ಷೆಯಲ್ಲಿ ಕೊರತೆ ಕಾಣದೆ ಡಿಮೆನ್ಶಿಯಾ ಅಂತಲೇ ತಿಳಿದರೆ? ಅದನ್ನು ಪೂರ್ತಿ ವಾಸಿ ಮಾಡುವ ಔಷಧ ಇಲ್ಲ. ಆದರೆ ಆರೈಕೆ ಇದೆ. ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಗದರಬೇಡಿರಿ. ಅವರು ಬೇಕಂತ ಮಾಡುವುದಿಲ್ಲ.

ಬರೆಯಿರಿ

ಗಡಿ ಊರಿನ ದವಾಖಾನೆಯಲ್ಲಿ ಮರಾಠಿ ಮಾತು ಹೆಚ್ಚು. ಗಡಿಬಿಡಿಯಲ್ಲಿ ಹೇಳುವುದು ಮರೆಯಬಹುದು. ಒಂದು ಚೀಟಿಯಲ್ಲಿ ಹೀಗೆ ಬರೆದುಕೊಂಡು ಹೋಗಿರಿ:

ಹಿರಿಯರ ಹೆಸರು, ವಯಸ್ಸು:
ಮರೆವು ಯಾವಾಗಿನಿಂದ? ಒಮ್ಮೆಲೇ ಬಂತೋ, ಮೆಲ್ಲಗೆ ಬಂತೋ?
ಈಗ ನುಂಗುವ ಎಲ್ಲ ಗುಳಿಗೆ, ಪುಡಿ, ಭಸ್ಮ:
ಕಿವಿ, ಕಣ್ಣು ಹೇಗಿವೆ?

ಗುಳಿಗೆಯ ಖಾಲಿ ಹಾಳೆಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿರಿ.

ಹೊಸ ಪದಗಳು

ಖನಿಜ: ಮೈಗೆ ಸ್ವಲ್ಪ ಸ್ವಲ್ಪವೇ ಬೇಕಾದ ಕಬ್ಬಿಣ, ಸತು, ಅಯೋಡಿನ್ ಮುಂತಾದವು.
ಕೊರತೆ: ಬೇಕಾದಷ್ಟು ಇಲ್ಲದಿರುವುದು.
ಆರೈಕೆ: ಪ್ರೀತಿಯಿಂದ ನೋಡಿಕೊಳ್ಳುವುದು.

ಉತ್ತರ ಹೇಳಿರಿ

1. ಬಿ12 ಯಾವ ಆಹಾರದಿಂದ ಸಿಗುತ್ತದೆ?
2. ಒಮ್ಮೆಲೇ ಮಂಕು ಕವಿದರೆ ಏನು ಮಾಡಬೇಕು?
3. ನಿಮ್ಮ ಮನೆಯ ಹಿರಿಯರ ಕಿವಿ ತಪಾಸಣೆ ಆಗಿದೆಯೇ?