ಪುಟ್ಟ ಕಾರಿನ ಮೇಲೆ ದೊಡ್ಡ ಕಾರಿನ ಧೂಳು

ಕೆಲವು ವರ್ಷಗಳ ಹಿಂದೆ ಚಿಕ್ಕಜಾಜೂರು ಜಂಕ್ಷನ್ನಿನ ಹೊರಗೆ, ರೈಲಿಳಿದವರನ್ನು ಸುತ್ತಲಿನ ಹಳ್ಳಿಗಳಿಗೆ ಕರೆದೊಯ್ಯುತ್ತಿದ್ದ ಹಳೆಯ ಅಂಬಾಸಿಡರ್ ಕಾರೊಂದನ್ನು ನಾವು ಟೇಪು ಹಿಡಿದು ಅಳೆಯುತ್ತಿದ್ದೆವು. ಅದರ ಚಾಲಕರು ಬೇವಿನ ನೆರಳಿನಲ್ಲಿ ಕುಳಿತು ನಮ್ಮ ಕೆಲಸವನ್ನು ನೋಡಿ, "ಇದನ್ನೇನು ಅಳೀತೀರಿ ಸ್ವಾಮಿ, ಮುಂದಿನ ವಾರ ಗುಜರಿಗೆ ಹೋಗೋ ಗಾಡಿ" ಎಂದು ನಕ್ಕರು. ಅಳೆಯುವುದಕ್ಕೆ ನಮಗಿದ್ದುದು ಅದೊಂದೇ ಪೂರ್ವಾಹ್ನ. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ಆದುದರಿಂದ ಗುಜರಿ ಸೇರಿದ ಒಂದು ಕಾರಿನ ಸ್ಥಾನಕ್ಕೆ ಹೊಸದೊಂದು ಬರುವಂತಿರಲಿಲ್ಲ. ಅದರ ಚಿಕ್ಕ ಪ್ರತಿರೂಪವೊಂದನ್ನು ಮಾಡಿ ಇಡಬೇಕೆಂಬುದು ನಮ್ಮ ಉದ್ದೇಶವಾಗಿತ್ತು.

ಕಾರಿನ ಉದ್ದ ಸುಮಾರು 4325 ಮಿಲಿಮೀಟರು, ಅಗಲ 1662, ಎತ್ತರ 1600. ನಾವು ಆರಿಸಿಕೊಂಡ ಪ್ರಮಾಣ ಇಪ್ಪತ್ತನಾಲ್ಕಕ್ಕೆ ಒಂದು. ಎಂದರೆ, ಕಾರಿನ 24 ಮಿಲಿಮೀಟರು ಮಾದರಿಯಲ್ಲಿ 1 ಮಿಲಿಮೀಟರು ಆಗುತ್ತದೆ. ಇಡೀ ಕಾರು 180 ಮಿಲಿಮೀಟರಿನಲ್ಲಿ ಅಡಗುತ್ತದೆ. ಒಡಲನ್ನು ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರದಲ್ಲಿ ಕೆತ್ತಿದೆವು. ಮರ ಮೃದುವಾದುದು, ಎಳೆ ಸಣ್ಣದು. ಉಳಿ ಮತ್ತು ಮರಳು ಕಾಗದ ಇದ್ದರೆ ಶಾಲೆಯ ಹುಡುಗರೂ ಒಂದು ವಾರದಲ್ಲಿ ಆಕಾರವನ್ನು ತರಬಲ್ಲರು. ಈ ಭಾಗದ ವಿಚಾರವನ್ನು ಇಲ್ಲಿಗೇ ಬಿಡುತ್ತೇವೆ. ಕಷ್ಟವಿರುವುದು ಅನಂತರ.

ನಮ್ಮ ಮೊದಲನೆಯ ಮಾದರಿ ಅಳತೆಯಲ್ಲಿ ತಪ್ಪಿರಲಿಲ್ಲ. ಆದರೂ ನೋಡಿದವರೆಲ್ಲ ಅದನ್ನು ಆಟಿಕೆಯೆಂದೇ ಕರೆದರು. ಕಾರಣವನ್ನು ಹುಡುಕುತ್ತ ಹೋದಾಗ ತಿಳಿದುದಿಷ್ಟು: ಕಾರನ್ನು ನಾವು ಚಿಕ್ಕದು ಮಾಡಿದ್ದೆವು, ಆದರೆ ಬಣ್ಣವನ್ನೂ ಧೂಳನ್ನೂ ದಾರವನ್ನೂ ಚಿಕ್ಕದು ಮಾಡಿರಲಿಲ್ಲ.

ಮೊದಲು ಕಣ್ಣಿನ ಶಕ್ತಿಯನ್ನು ವಿಚಾರಿಸೋಣ. ಒಂದು ಅಂಶ ಕೋನವನ್ನು ಅರವತ್ತು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು ಅಂತರವನ್ನು ಆರೋಗ್ಯವಂತ ಕಣ್ಣು ಗುರುತಿಸಬಲ್ಲದು. ಮಾದರಿಯನ್ನು ಕಣ್ಣಿನಿಂದ 25 ಸೆಂಟಿಮೀಟರು ದೂರದಲ್ಲಿ ಹಿಡಿದರೆ ಈ ಕೋನ ಸುಮಾರು 0.07 ಮಿಲಿಮೀಟರಿಗೆ ಸಮ. ಇದನ್ನು 24ರಿಂದ ಗುಣಿಸಿದರೆ 1.7 ಮಿಲಿಮೀಟರು ಬರುತ್ತದೆ. ನಿಜವಾದ ಕಾರಿನಲ್ಲಿ ಇದಕ್ಕಿಂತ ಸಣ್ಣದಾದುದೆಲ್ಲವನ್ನೂ ಮಾದರಿಯಲ್ಲಿ ಬಿಟ್ಟುಬಿಡಬಹುದು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಮಾದರಿಯನ್ನು 25 ಸೆಂಟಿಮೀಟರಿನಿಂದ ನೋಡುವುದು ಕಾರನ್ನು 6 ಮೀಟರು ದೂರದಿಂದ ನೋಡಿದಂತೆ. ಆದುದರಿಂದ ಕಾರಿನಿಂದ ಆರು ಮೀಟರು ಹಿಂದೆ ಸರಿದು ನಿಲ್ಲಿರಿ. ಅಲ್ಲಿಂದ ಕಂಡುದನ್ನು ಬರೆದುಕೊಳ್ಳಿರಿ. ಕಾಣದುದನ್ನು ಮಾಡುವ ಶ್ರಮವನ್ನು ಯಾರೂ ಮೆಚ್ಚಲಾರರು, ಮಾಡಿದವರ ಹೊರತು.

ಈಗ ಬಣ್ಣ. ಕಾರಿನ ಮೇಲಣ ಬಣ್ಣದ ಪದರ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವೆಂದು ಇಟ್ಟುಕೊಳ್ಳೋಣ. ಅದೇ ಪ್ರಮಾಣದಲ್ಲಿ ಮಾದರಿಯ ಬಣ್ಣ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗ ಮಾತ್ರ ಇರಬೇಕಾಗುತ್ತದೆ. ಕುಂಚದಿಂದ ಇಷ್ಟು ತೆಳುವಾಗಿ ಬಳಿಯುವುದು ಅಸಾಧ್ಯ. ಆದರೂ ಬಣ್ಣವನ್ನು ನೀರಾಗಿಸಿ ಒಂದೆರಡು ಸಲ ಮಾತ್ರ ಬಳಿದರೆ ಬಾಗಿಲಿನ ಸಂದುಗಳು ಮುಚ್ಚಿಹೋಗದೆ ಉಳಿಯುತ್ತವೆ. ನಮ್ಮ ಮೊದಲನೆಯ ಮಾದರಿಯ ಬಾಗಿಲುಗಳು ಮೂರನೆಯ ಬಳಿತದಲ್ಲಿ ಕಾಣದಾದುವು; ಬಾಗಿಲೇ ಇಲ್ಲದ ಕಾರಿಗೆ ಪ್ರಯಾಣಿಕರು ಹತ್ತುವುದೆಲ್ಲಿಂದ?

ಸಂಖ್ಯಾಫಲಕವೂ ನಮ್ಮನ್ನು ನಗೆಗೀಡುಮಾಡಿತು. ಮೋಟಾರು ವಾಹನ ನಿಯಮಗಳಂತೆ ಕಾರಿನ ಫಲಕದ ಅಕ್ಷರಗಳು 65 ಮಿಲಿಮೀಟರು ಎತ್ತರ, ಗೆರೆ 10 ಮಿಲಿಮೀಟರು ದಪ್ಪ ಇರಬೇಕು. ಮಾದರಿಯಲ್ಲಿ ಇವು ಕ್ರಮವಾಗಿ 2.7 ಮತ್ತು 0.4 ಮಿಲಿಮೀಟರು ಆಗುತ್ತವೆ. ಇದನ್ನು ಕೈಯಲ್ಲಿ ಬರೆಯಹೊರಟು ನಾವು ಎರಡರಷ್ಟು ದೊಡ್ಡ ಅಕ್ಷರಗಳನ್ನು ಬರೆದಿದ್ದೆವು. ಕಾರು ಫಲಕವನ್ನು ಹೊತ್ತಿದೆಯೋ ಫಲಕವು ಕಾರನ್ನು ಹೊತ್ತಿದೆಯೋ ಎಂಬಂತೆ ತೋರುತ್ತಿತ್ತು. ಕಂಪ್ಯೂಟರಿನಲ್ಲಿ ಅಳತೆಗೆ ಸರಿಯಾಗಿ ರಚಿಸಿ ತೆಳುಕಾಗದದ ಮೇಲೆ ಮುದ್ರಿಸುವುದೇ ಸುಲಭ. ಚಿತ್ರದುರ್ಗ ಜಿಲ್ಲೆಯ ವಾಹನಕ್ಕೆ ಕೆ.ಎ. 16 ಎಂದೂ, ಬಾಡಿಗೆಯ ಕಾರಾದರೆ ಹಳದಿಯ ಮೇಲೆ ಕಪ್ಪು ಅಕ್ಷರವೆಂದೂ ನೆನಪಿಡಬೇಕು. ಮುಂಭಾಗದ ಜಾಲರಿಯೂ ಸಂಖ್ಯೆಯೂ ಒಂದೇ ಕಾಲದವಾಗಿರಲಿ. ಎರಡಕ್ಷರದ ರಾಜ್ಯಸಂಕೇತದ ಪದ್ಧತಿ ಬಂದುದು 1988ರ ಮೋಟಾರು ವಾಹನ ಕಾಯಿದೆ 1989ರಲ್ಲಿ ಜಾರಿಯಾದ ಮೇಲೆ. ಅದಕ್ಕೆ ಮೊದಲಿನ ಕಾರಿಗೆ ಈ ಸಂಖ್ಯೆಯನ್ನು ಅಂಟಿಸಿದರೆ, ತಿಳಿದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಸಣ್ಣ ಭಾಗಗಳಿಗೆ ಅಂಗಡಿಯನ್ನು ಅರಸಿಕೊಂಡು ಹೋಗಬೇಕಾಗಿಲ್ಲ. ಅಳತೆಗೋಲನ್ನು ಹಿಡಿದು ಮನೆಯೊಳಗೆ ತಿರುಗಾಡಿದರೆ ಸಾಕು. ವಿದ್ಯುತ್ ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿದರೆ ಒಳಗಿನ ತಾಮ್ರದ ಎಳೆ ಸಾಮಾನ್ಯವಾಗಿ 0.2 ಮಿಲಿಮೀಟರು ಇರುತ್ತದೆ. 24ರಿಂದ ಗುಣಿಸಿದರೆ ಐದು ಮಿಲಿಮೀಟರಿಗೆ ಸಮೀಪ. ಗಾಜೊರಸುವ ವೈಪರಿನ ಕೈಗೆ ಇದು ತಕ್ಕುದು. ಏಳು ಅಂಗುಲದ ಮುಂದೀಪ ಮಾದರಿಯಲ್ಲಿ 7.4 ಮಿಲಿಮೀಟರು, ಮಾತ್ರೆಗಳ ಪಟ್ಟಿಯಲ್ಲಿ ಉಬ್ಬಿರುವ ಪಾರದರ್ಶಕ ಗುಳಿಗಳಲ್ಲಿ ಈ ಗಾತ್ರದವು ಸಿಕ್ಕುತ್ತವೆ. ಅದರ ಹಿಂದೆ ಚಾಕೊಲೇಟಿಗೆ ಸುತ್ತಿದ ಅಲ್ಯೂಮಿನಿಯಮ್ ಹಾಳೆಯನ್ನು ಇಟ್ಟರೆ ಪ್ರತಿಫಲಕ ಸಿದ್ಧ. ಹವಾಯಿ ಚಪ್ಪಲಿಯ ಅಟ್ಟೆಯಿಂದ ಗಾಲಿ ಕತ್ತರಿಸುವ ವಿದ್ಯೆ ನಮ್ಮ ಹಳ್ಳಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಗಾಲಿಯ ವ್ಯಾಸ 28 ಮಿಲಿಮೀಟರು, ಅಗಲ 6. ಬಣ್ಣ ಅಚ್ಚ ಕಪ್ಪಲ್ಲ, ಬೂದಿ ಬೆರೆತ ಕಪ್ಪು.

ಗಾಲಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಉದ್ದವು 24ರಲ್ಲಿ ಒಂದು ಪಾಲಾದರೆ ಗಾತ್ರವು 24ರ ಘನ, ಎಂದರೆ 13,824ರಲ್ಲಿ ಒಂದು ಪಾಲಾಗುತ್ತದೆ. 1100 ಕಿಲೋಗ್ರಾಂ ತೂಗುವ ಕಾರು ಅದೇ ವಸ್ತುಗಳಿಂದ ಮಾಡಿದ ಮಾದರಿಯಲ್ಲಿ 80 ಗ್ರಾಂ ತೂಗುತ್ತದೆ. ಈ ಹಗುರ ತೂಕಕ್ಕೆ ಚಪ್ಪಲಿಯ ರಬ್ಬರು ತಗ್ಗುವುದಿಲ್ಲ. ಗಾಲಿ ನೆಲವನ್ನು ಬಿಂದುವಿನಂತೆ ಮುಟ್ಟಿ ನಿಲ್ಲುತ್ತದೆ, ಕಾರು ತೇಲಿದಂತೆ ಕಾಣುತ್ತದೆ. ನಿಜವಾದ ಕಾರಿನಲ್ಲಿ ಒಂದು ಗಾಲಿಯ ಮೇಲಿನ ಭಾರ 275 ಕಿಲೋಗ್ರಾಂ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 1.7 ಕಿಲೋಗ್ರಾಂ ಎಂದಿಟ್ಟುಕೊಂಡರೆ ನೆಲವನ್ನು ಒತ್ತುವ ಭಾಗ ಸುಮಾರು 160 ಚದರ ಸೆಂಟಿಮೀಟರು. ಅದರ ಅಗಲ 11 ಸೆಂಟಿಮೀಟರಾದರೆ ಉದ್ದ 15ರ ಸಮೀಪ. ಮಾದರಿಯಲ್ಲಿ 6 ಮಿಲಿಮೀಟರು. ಗಾಲಿಯ ಅಡಿಯನ್ನು ಅರದಿಂದ 0.3 ಮಿಲಿಮೀಟರಿನಷ್ಟು ಉಜ್ಜಿದರೆ ಇಷ್ಟು ಉದ್ದದ ಚಪ್ಪಟೆ ದೊರೆಯುತ್ತದೆ. ಈ ಅಲ್ಪ ಕೆಲಸದಿಂದ ಕಾರಿಗೆ ತೂಕ ಬರುತ್ತದೆ. ನಾವು ಮಾಡಿದ ತಿದ್ದುಪಡಿಗಳಲ್ಲಿ ಇದರಷ್ಟು ಫಲ ಕೊಟ್ಟುದು ಬೇರೊಂದಿಲ್ಲ.

ಇನ್ನು ಧೂಳು. ಚಿತ್ರದುರ್ಗ ಜಿಲ್ಲೆಯಲ್ಲಿ ಕೆಮ್ಮಣ್ಣೂ ಇದೆ, ಕರಿಮಣ್ಣೂ ಇದೆ. ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡು. ಅದೇ ಊರಿನ ಕಾರಿಗೆ ಅದೇ ಊರಿನ ಮಣ್ಣಾದರೆ ಅದಕ್ಕಿಂತ ನೈಜವಾದುದು ಯಾವುದೆಂದು ನಿಲ್ದಾಣದ ರಸ್ತೆಯಿಂದಲೇ ಒಂದು ಹಿಡಿ ಕೆಮ್ಮಣ್ಣನ್ನು ತಂದು ಉದುರಿಸಿದೆವು. ಕಾರಿನ ಮೇಲೆ ಜಲ್ಲಿ ಸುರಿದಂತಾಯಿತು! ರಸ್ತೆಯ ಧೂಳಿನಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದೊಡ್ಡ ಕಣಗಳೂ ಇರುತ್ತವೆ. ಮಾದರಿಯ ಲೆಕ್ಕದಲ್ಲಿ ಅವು 2.4 ಮಿಲಿಮೀಟರಿನ ಕಲ್ಲುಗಳು.

ಮಣ್ಣನ್ನು ಜರಡಿ ಹಿಡಿದು ಸಾಲದು, ನೀರಿನಿಂದ ಸೋಸಬೇಕು. ದ್ರವದಲ್ಲಿ ಮುಳುಗುವ ಸಣ್ಣ ಕಣದ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆಂಬ ಸ್ಟೋಕ್ಸನ ನಿಯಮವನ್ನು ಕಾಲೇಜಿನ ವಿದ್ಯಾರ್ಥಿಗಳು ಓದಿರುತ್ತಾರೆ. ಮಿಲಿಮೀಟರಿನ ನೂರನೆಯ ಒಂದು ಭಾಗ ವ್ಯಾಸವುಳ್ಳ ಮಣ್ಣಿನ ಕಣ ನೀರಿನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 0.1 ಮಿಲಿಮೀಟರು ಇಳಿಯುತ್ತದೆ. ಗಾಜಿನ ಲೋಟದಲ್ಲಿ 10 ಸೆಂಟಿಮೀಟರು ನೀರಿಗೆ ಮಣ್ಣನ್ನು ಕದಡಿ 20 ನಿಮಿಷ ಅಲುಗಾಡಿಸದೆ ಇಟ್ಟರೆ ಅದಕ್ಕಿಂತ ದಪ್ಪ ಕಣಗಳೆಲ್ಲ ತಳ ಸೇರಿರುತ್ತವೆ. ಮೇಲಿನ ಕೆಂಪು ನೀರನ್ನು ಮೆಲ್ಲಗೆ ತಟ್ಟೆಗೆ ಬಗ್ಗಿಸಿ ಬಿಸಿಲಿಗೆ ಇಟ್ಟು, ಒಣಗಿದ ಪದರವನ್ನು ಬೆರಳಿನಿಂದ ಉಜ್ಜಿ ಪುಡಿಮಾಡಬೇಕು. ಈ ಪುಡಿಯ ಕಣಗಳು ಕಣ್ಣಿನ ಮಿತಿಗಿಂತ ಬಹು ಸಣ್ಣವು. ಕಣವಾಗಿ ಕಾಣದೆ ಬಣ್ಣವಾಗಿ ಕಾಣುತ್ತವೆ.

ಅದನ್ನು ಎಲ್ಲಿ ಹಚ್ಚಬೇಕೆಂಬುದನ್ನು ಕಾರಿನ ಚಲನೆಯೇ ಹೇಳುತ್ತದೆ. ಓಡುವ ಗಾಲಿಯ ಹಿಂಭಾಗ ಮೇಲಕ್ಕೆ ಏರುತ್ತಿರುತ್ತದೆ. ಮಣ್ಣು ಅದರಿಂದ ಸ್ಪರ್ಶರೇಖೆಯಲ್ಲಿ ಸಿಡಿದು ಕಮಾನಿನ ಹಿಂಬದಿಯನ್ನೂ ಅದರ ಪಕ್ಕದ ತಗಡನ್ನೂ ಬಡಿಯುತ್ತದೆ. ಕಾರಿನ ಹಿಂದೆ ಗಾಳಿ ಕೂಡಲೇ ಕೂಡಿಕೊಳ್ಳಲಾರದೆ ಸುಳಿಯುತ್ತದೆ, ಅಲ್ಲಿ ಒತ್ತಡ ಕಡಿಮೆ. ಎದ್ದ ಧೂಳು ಈ ಸುಳಿಗೆ ಸಿಕ್ಕಿ ಡಿಕ್ಕಿಯ ಮುಚ್ಚಳದ ಮೇಲೂ ಹಿಂಗಾಜಿನ ಮೇಲೂ ಕೂರುತ್ತದೆ. ಮುಂಗಾಜಿನಲ್ಲಿ ಮಾತ್ರ ವೈಪರುಗಳು ಉಜ್ಜಿದ ಎರಡು ಕಮಾನುಗಳು ಚೊಕ್ಕಟವಾಗಿರಬೇಕು. ಆ ಆಕಾರದ ಕಾಗದವನ್ನು ಮೊದಲೇ ಅಂಟಿಸಿ, ಧೂಳು ಹಚ್ಚಿದ ಮೇಲೆ ಕಿತ್ತರಾಯಿತು. ಧೂಳು ಉದುರದಿರಲೆಂದು ಮೇಲೆ ವಾರ್ನಿಷು ಬಳಿಯಬೇಡಿರಿ. ಕಣಗಳ ನಡುವಣ ಗಾಳಿಯ ಸ್ಥಳವನ್ನು ವಾರ್ನಿಷು ತುಂಬಿದರೆ ಬೆಳಕು ಚದರುವುದು ಕಡಿಮೆಯಾಗಿ ಧೂಳೇ ಮರೆಯಾಗುತ್ತದೆ. ಮಳೆ ಬಿದ್ದ ನೆಲ ಕಪ್ಪಾಗಿ ತೋರುವುದೂ ಈ ಕಾರಣದಿಂದಲೇ.

ನಮ್ಮ ಕಾರಿನ ಮಾಡಿನ ಮೇಲೆ ಸಾಮಾನಿನ ಕ್ಯಾರಿಯರ್ ಇತ್ತು. ಅದರಲ್ಲಿ ಎರಡು ಅಡಿಕೆಯ ಚೀಲಗಳನ್ನು ಇಡೋಣವೆಂದು ಗೋಣಿಯನ್ನೇ ಹೊಲಿದು ಇಟ್ಟಾಗ ಅವು ಹಗ್ಗದ ಬಲೆಗಳಂತೆ ಕಂಡುವು. ಒಂದು ಮಿಲಿಮೀಟರಿನ ಸೆಣಬಿನೆಳೆ ಮಾದರಿಯಲ್ಲಿ 0.04 ಮಿಲಿಮೀಟರು ಇರಬೇಕಾದುದು. ಅದು ಕಣ್ಣಿಗೆ ಕಾಣುವ ಮಿತಿಗಿಂತ ಕೆಳಗೆ. ಆದುದರಿಂದ ಗೋಣಿಯ ಚೀಲಕ್ಕೆ ಗೋಣಿ ಸಲ್ಲದು, ತೆಳುಕಾಗದವೇ ಸಲ್ಲುವುದು. ಹಾಗೆಯೇ ಮುಂದಿನ ಬಂಪರಿನಲ್ಲಿ ತೂಗುವ ನಿಂಬೆಹಣ್ಣಿಗೆ ಹಳದಿ ಬಳಿದ ಒಂದು ರಾಗಿಯ ಕಾಳು ಸಾಕು: ಒಂದೂವರೆ ಮಿಲಿಮೀಟರನ್ನು 24ರಿಂದ ಗುಣಿಸಿದರೆ 36. ಮೆಣಸಿನಕಾಯಿಗೆ ಮೂರು ಮಿಲಿಮೀಟರಿನ ಹಸಿರು ದಾರ. ಪರದೇಶದ ಮಾದರಿಪೆಟ್ಟಿಗೆಗಳಲ್ಲಿ ಎಷ್ಟೋ ಬಿಡಿಭಾಗಗಳು ಬರುತ್ತವೆ, ನಿಂಬೆಹಣ್ಣು ಬರುವುದಿಲ್ಲ.

ಎರಡನೆಯ ಮಾದರಿ ಮುಗಿಯುವುದಕ್ಕೆ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕಾರು ಗುಜರಿಗೆ ಹೋಗಿತ್ತು. ಮಾದರಿಯನ್ನು ಚಿಕ್ಕಜಾಜೂರಿಗೆ ಕೊಂಡುಹೋಗಿ ಚಾಲಕರ ಕೈಗಿತ್ತೆವು. ಅವರು ಅದನ್ನು ಬೆಳಕಿಗೆ ಹಿಡಿದು ಎರಡು ಸುತ್ತು ತಿರುಗಿಸಿ ನೋಡಿದರು; ರಾಗಿಯ ಕಾಳನ್ನು ಕಂಡು ನಕ್ಕರು. ಆಮೇಲೆ ಬಲಗಡೆಯ ಮುಂದಿನ ಬಾಗಿಲಿನ ಕಿಟಕಿಯಂಚನ್ನು ಉಗುರಿನಿಂದ ತೋರಿಸಿ, "ಇಲ್ಲಿ ಬಣ್ಣ ಇರ್ಲಿಲ್ಲ ಸ್ವಾಮಿ, ನನ್ನ ಮೊಣಕೈ ತಿಂದುಬಿಟ್ಟಿತ್ತು" ಎಂದರು. ಮನೆಗೆ ಬಂದು ನಾವು ತೆಗೆದಿದ್ದ ಛಾಯಾಚಿತ್ರಗಳನ್ನು ತೆರೆದು ನೋಡಿದೆವು. ಅಂಚಿನ ಮೇಲೆ ಸುಮಾರು ಹತ್ತು ಸೆಂಟಿಮೀಟರು ಉದ್ದ ಬಿಳಿಯ ಪಟ್ಟಿ ಸ್ಪಷ್ಟವಾಗಿತ್ತು. ಬಿಸಿಲಿನ ಹೊಳಪೆಂದು ಬಗೆದು ಅದನ್ನು ಬಿಟ್ಟಿದ್ದೆವು. ಹತ್ತು ಸೆಂಟಿಮೀಟರಿಗೆ ಮಾದರಿಯಲ್ಲಿ ನಾಲ್ಕು ಮಿಲಿಮೀಟರು. ಆ ನಾಲ್ಕು ಮಿಲಿಮೀಟರಿನ ಬಣ್ಣವನ್ನು ಅಂದೇ ಚೂರಿಯ ಮೊನೆಯಿಂದ ಕೆರೆದು ಅಲ್ಲಿಗೆ ಚಾಕೊಲೇಟಿನ ಬೆಳ್ಳಿ ಹಾಳೆಯ ಒಂದು ಎಳೆಯನ್ನು ಅಂಟಿಸಿದೆವು.