ಟಿಫಿನ್ ಡಬ್ಬಿಯಲ್ಲಿ ಎರಡು ಬೆರಳು

ಚೆನ್ನೈನ ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ ಷ್ಮಿಟ್ ಸ್ಮಾರಕವಿದೆಯಲ್ಲ, 1930ರಲ್ಲಿ ಬೇರೆಯವರನ್ನು ಉಳಿಸಲು ಹೋಗಿ ಕಡಲ ಪಾಲಾದವನದು, ಅದರ ಬುಡದಲ್ಲಿ ಭಾನುವಾರ ಸಂಜೆ ನಮ್ಮ ಹುಡುಗರು ಸೇರುತ್ತಿದ್ದರು. ಎಲ್ಲರೂ ಗಿಂಡಿ, ಪೆರುಂಗುಡಿ ಕಾರ್ಖಾನೆಗಳ ಅಪ್ರೆಂಟಿಸ್‌ಗಳು. ತಾಳವಾಡಿ ಕಡೆಯ ಐದಾರು ಕನ್ನಡದ ಹುಡುಗರೂ ಇದ್ದರು. ಸುಂಡಲ್ ಹಂಚಿಕೊಂಡು ತಿನ್ನುತ್ತಾ ನಾನು ಕಾರ್ಡೈನ್ ಕಥೆ ಹೇಳುತ್ತಿದ್ದೆ. 1925ರಲ್ಲಿ ಬೆಲ್ಜಿಯಂನಲ್ಲಿ ದುಡಿಯುವ ಹುಡುಗರ ಸಂಘಟನೆ ಕಟ್ಟಿದ ಪಾದ್ರಿ ಅವರು. ನೋಡು, ತೂಗು, ಮಾಡು ಎಂಬುದು ಅವರ ದಾರಿ.

ಹೇಳಿದ ನಾನೇ ನೋಡಲಿಲ್ಲ. ಹುಡುಗರ ಪಾಸ್‌ಬುಕ್ ನೋಡಿದೆ, ಕೆಲವರ ಕುಡಿತ ಬಿಡಿಸಿದೆ. ಯಾರು ಯಾವ ಮಿಷನ್ ಮುಂದೆ ನಿಲ್ಲುತ್ತಾರೆಂದು ಒಮ್ಮೆಯೂ ಕೇಳಲಿಲ್ಲ.

2018ರ ಒಂದು ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರು. ಆಟೋದಲ್ಲಿ ತಾಳವಾಡಿಯ ಹುಡುಗ, ಕೈಗೆ ಸುತ್ತಿದ ಬನಿಯನ್ ನೆನೆದು ತೊಟ್ಟಿಕ್ಕುತ್ತಿತ್ತು. "ಫಾದರ್, ಬೆರಳು ತಂದಿದ್ದೀವಿ" ಎಂದು ಜೊತೆಗಾರ ಕರ್ಚೀಫು ಬಿಚ್ಚಿದ. ಪವರ್ ಪ್ರೆಸ್. ಕೈ ಕಾಯುವ ಸೆನ್ಸರ್ ಇದ್ದರೆ ಉತ್ಪಾದನೆಯ ಕೌಂಟ್ ಬರುವುದಿಲ್ಲವೆಂದು ಸೂಪರ್‌ವೈಸರ್ ಅದನ್ನು ಕಳಚಿಸಿದ್ದನಂತೆ. ಕಾರ್ಖಾನೆಯಿಂದ ಒಂದು ಗಾಡಿಯನ್ನೂ ಕೊಟ್ಟಿರಲಿಲ್ಲ.

ಫ್ರಿಜ್ಜಿನ ಐಸು ಟಿಫಿನ್ ಡಬ್ಬಿಗೆ ಸುರಿದು ಎರಡೂ ಬೆರಳನ್ನು ಅದರೊಳಗೆ ಹೂತೆ. ಬುದ್ಧಿವಂತಿಕೆ ಎಂದೇ ತಿಳಿದಿದ್ದೆ. ಜೊತೆಗಾರ "ಸ್ಟ್ಯಾನ್ಲಿ ಆಸ್ಪತ್ರೆಗೆ ಹೋಗೋಣ, ಕೈ ಆಪರೇಷನ್‌ಗೆ ಅದೇ" ಅಂದ. ದೂರ, ನನಗೆ ಪರಿಚಯದ ನರ್ಸಿಂಗ್ ಹೋಮ್ ಇದೆ ಎಂದು ಹಟ ಹಿಡಿದೆ. ಅಲ್ಲಿ ಅಡ್ವಾನ್ಸ್ ಕಟ್ಟಿ, ಕಂಪನಿ ಪತ್ರ ತನ್ನಿ ಎನ್ನುವುದರಲ್ಲೇ ಎರಡು ಗಂಟೆ ಹೋಯಿತು. ಹುಡುಗ ಬೆಂಚಿನ ಮೇಲೆ ನಡುಗುತ್ತಾ "ಫಾದರ್, ಅಮ್ಮಂಗೆ ಹೇಳ್ಬೇಡಿ" ಅನ್ನುತ್ತಿದ್ದ. ಕೊನೆಗೆ ಸ್ಟ್ಯಾನ್ಲಿಗೇ ಓಡಿದೆವು. ಡಬ್ಬಿ ತೆರೆದ ಡಾಕ್ಟರು ನನ್ನ ಮುಖ ನೋಡಿದರು: "ನೇರ ಐಸಿನಲ್ಲೇ ಇಟ್ಟಿರಾ?" ತೋರುಬೆರಳು ಉಳಿಯಿತು. ನಡುಬೆರಳು ಉಳಿಯಲಿಲ್ಲ.

ಮೂರನೆಯ ದಿನ ತಾಯಿ ಬಂದರು. ಬೈಯಲಿಲ್ಲ. "ಸಾಮಿ, ನಿಮ್ಮ ಕೈಗೇ ಅಲ್ವಾ ಒಪ್ಸಿದ್ದು" ಅಂದರು, ಅಷ್ಟೇ.

ಅಪ್ರೆಂಟಿಸ್‌ಗೆ ಇಎಸ್‌ಐ ವಿಮೆ ಇಲ್ಲ, ಹಾಗಾಗಿ ಪರಿಹಾರವೂ ಇಲ್ಲ ಎಂದಿತು ಕಂಪನಿ. ಮೊದಲರ್ಧ ನಿಜ, ಉಳಿದದ್ದು ಸುಳ್ಳು. ಆ ಸುಳ್ಳನ್ನೂ ಒಂದು ತಿಂಗಳು ನಂಬಿದೆ. 1961ರ ಅಪ್ರೆಂಟಿಸ್ ಕಾಯ್ದೆಯ 16ನೇ ಕಲಮಿನ ಪ್ರಕಾರ ತರಬೇತಿಯಲ್ಲಿ ಆದ ಗಾಯಕ್ಕೆ ಪರಿಹಾರ ಕೊಡಬೇಕಾದವನು ಮಾಲೀಕನೇ. ಹುಡುಗನ ಹತ್ತಿರ ಅಪ್ರೆಂಟಿಸ್ ಕರಾರಿನ ಪ್ರತಿಯೇ ಇರಲಿಲ್ಲ. ಅದಕ್ಕಾಗಿ ಅಲೆದೂ ಅಲೆದೂ ಹಣ ಕೈಸೇರಲು ಹದಿನಾಲ್ಕು ತಿಂಗಳು ಹಿಡಿಯಿತು.

ನನ್ನಂತೆ ಹುಡುಗರ ನಡುವೆ ಕೆಲಸ ಮಾಡುವವರಿಗೆ ಇಷ್ಟು ಹೇಳಬಲ್ಲೆ. ಕರಾರಿನ ಜೆರಾಕ್ಸ್ ಮೊದಲ ದಿನವೇ ತೆಗೆದಿಡಿ. ತುಂಡಾದ ಬೆರಳನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಆ ಚೀಲವನ್ನು ಐಸುನೀರಿನಲ್ಲಿಡಿ. ತುಂಡಾದ ಬೆರಳು ಜೋಡಿಸುವ ಆಸ್ಪತ್ರೆ ಯಾವುದೆಂದು ಇವತ್ತೇ ತಿಳಿದುಕೊಳ್ಳಿ. ಮುಂದಿನ ಭಾನುವಾರ ಪ್ರಾರ್ಥನೆಗೆ ಮೊದಲು ಪ್ರತಿಯೊಬ್ಬನನ್ನೂ ಕೇಳಿ: ನಿನ್ನದು ಯಾವ ಮಿಷನ್, ಅದಕ್ಕೆ ಸೆನ್ಸರ್ ಇದೆಯಾ?